ಅಪ್ಪನ ಕಾಲು ಮಗ್ಗದ ಕುಣಿಯಿಂದ ಮೇಲೆ ಬರಲಿ

ಟೌಸ್, ನ್ಯೂ ಮೆಕ್ಸಿಕೊ
ಅಕ್ಟೋಬರ್ 11, ಶನಿವಾರ ಬೆಳಿಗ್ಗೆ

ಪ್ರೀತಿಯ ಅವ್ವನಿಗೆ,

ನಮಸ್ಕಾರ. ನಾನು ಇಲ್ಲಿ ಆರಾಮ ಇದ್ದೇನೆ. ಅಣ್ಣ, ವೈನಿ, ಸಣ್ಣವ್ವ, ಗೌರಕ್ಕ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು. ಪುಟ್ಟಿ, ಇದನ್ನು ಆಯಿಗೆ ಓದಿ ಹೇಳುವವಳು ನೀನೇ ಅಂತ ಗೊತ್ತು. ಅಜ್ಜ ಮಗ್ಗದಲ್ಲಿ ಕೂತಿದ್ದರೆ ಮೊದಲು ಅಡಿಗೆಮನೆಗೆ ಹೋಗಿ ಓದು. ಅವನಿಗೆ ಕೇಳುವಂತೆ ಎಲ್ಲಿಂದ ಓದಬೇಕು ಅಂತ ಮುಂದೆ ಬರೆದಿದ್ದೇನೆ.

ನಿಮ್ಮ ಪತ್ರ ಮಂಗಳವಾರ ಸಿಕ್ಕಿತು. ಎರಡು ಪುಟದ ತುಂಬ ದಸರೆಯ ತಯಾರಿ, ಮಳೆ, ಸಣ್ಣವ್ವನ ಮನೆಯ ಎಮ್ಮೆ ಈದಿದ್ದು, ಗೌರಕ್ಕನ ಹೊಸ ಮನೆಯ ಪಾಯ. ಕಟ್ಟಕಡೆಗೆ, ಕಾಗದದ ಅಂಚಿಗೆ, ಪುಟ್ಟಿಯ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ನಿಮ್ಮಪ್ಪನ ಕಾಲ ಹೆಬ್ಬೆರಳಿಗೆ ಸ್ವಲ್ಪ ಗಾಯ ಆಗೇತಿ, ಅರಿಷಿಣ ಹಚ್ಚೇವಿ, ಚಿಂತಿ ಮಾಡಬ್ಯಾಡ.’ ಅವ್ವಾ, ಮೊದಲು ಹೇಳಬೇಕಾದ್ದನ್ನು ಕಡೆಗೆ ಹೇಳುವುದು ನಿನ್ನ ಹಳೆಯ ರೂಢಿ. ನೀನು ಹಾಕಿಸಿದ ತಾರೀಖು ನೋಡಿದೆ. ಸೆಪ್ಟೆಂಬರ್ 18. ಪತ್ರ ನನ್ನ ಕೈಗೆ ಬರುವ ಹೊತ್ತಿಗೆ ಆ ಗಾಯಕ್ಕೆ ಆಗಲೇ ಮೂರು ವಾರ ಆಗುತ್ತಾ ಬಂದಿತ್ತು. ನಿಂತಲ್ಲೇ ಅಣ್ಣನಿಗೆ ಫೋನ್ ಹಚ್ಚಿದೆ. ನಿಮಗಲ್ಲಿ ನಡುರಾತ್ರಿ, ಪಾಪ, ಗಾಬರಿಯಾಗಿ ಎದ್ದ. ‘ಇನ್ನಾ ಪೂರಾ ಒಣಗಿಲ್ಲ, ಆದ್ರ ನೋವಿಲ್ಲಂತ’ ಅಂದ.

ನೋವಿಲ್ಲ ಅನ್ನುವುದೇ ನನಗೆ ನಿದ್ದೆಗೆಡಿಸಿದ್ದು. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ. ಅಂಥ ಕಾಲಿಗೆ ಗಾಯವಾಗಿ ಮೂರು ವಾರ ನೋವಿಲ್ಲ ಅಂದರೆ ಕಾಲಿಗೆ ತಿಳಿಯುವುದೇ ನಿಂತಿದೆ ಅಂತ ಅರ್ಥ. ಹೆದರಿಸಲು ಹೇಳುತ್ತಿಲ್ಲ. ಈಗಲೇ ತೋರಿಸಿದರೆ ಎಲ್ಲ ಸರಿ ಹೋಗುತ್ತದೆ, ನೂರಕ್ಕೆ ನೂರು ಸರಿ ಹೋಗುತ್ತದೆ. ಆದರೆ ತೋರಿಸಬೇಕು.

ಕಳೆದ ಸಲ ಊರಿಗೆ ಬಂದಾಗ ಒಂದು ಮಾತು ನಿನಗೆ ಹೇಳದೆ ಉಳಿಸಿಕೊಂಡೆ, ಈಗ ಹೇಳುತ್ತೇನೆ. ಅಪ್ಪ ನೇಯುವಾಗ ನಾನು ಹಿಂದೆ ಕೂತು ಕಂಡಿಕೆ ಸುತ್ತುತ್ತಿದ್ದೆ. ಅವನು ಎರಡು ಸಲ ಬಗ್ಗಿ, ಮಗ್ಗದ ಕೆಳಗೆ ಕಾಲು ಇಳಿಬಿಡಲು ನೆಲದಲ್ಲಿ ತೋಡಿದ ಕುಣಿಯೊಳಗೆ ನೋಡಿಕೊಂಡ, ತುಳಿಯುವ ಪಟ್ಟಿ ಕಾಲ ಕೆಳಗೆ ಇದೆಯೋ ಇಲ್ಲವೋ ಅಂತ. ನಲವತ್ತು ವರ್ಷದಿಂದ ಕಣ್ಣು ಮುಚ್ಚಿಕೊಂಡು ತುಳಿಯುವ ಮನುಷ್ಯ. ಒಂದು ಸಲ ಒಂದೇ ಪಟ್ಟಿಯನ್ನು ಎರಡು ಬಾರಿ ತುಳಿದು, ಲಾಳಿ ಹೋದ ದಾರಿಯಲ್ಲೇ ವಾಪಸ್ ಬಂದು ಎಳೆ ಬಿಚ್ಚಿಕೊಂಡಿತು. ನೂಲಿಗೆ ಬೈದ. ನಾನೂ ನೂಲಿನದೇ ತಪ್ಪು ಅಂದುಕೊಂಡೆ. ಈಗ ತಿಳಿಯುತ್ತದೆ, ಆಗಲೇ ಅವನ ಪಾದಕ್ಕೆ ಪಟ್ಟಿ ತಿಳಿಯುತ್ತಿರಲಿಲ್ಲ. ಆವತ್ತೇ ಕೇಳಬೇಕಿತ್ತು. ಕೇಳಲಿಲ್ಲ, ಅದು ನನ್ನ ಎದೆಯಲ್ಲಿ ಕೂತಿದೆ.

ಇಲ್ಲಿ ನನ್ನ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಅವರೂ ನೇಯುವವರು. ನಾನು ಅಳುವ ಮುಖ ಮಾಡಿಕೊಂಡು ಕಟ್ಟೆಯ ಮೇಲೆ ಕೂತಿದ್ದನ್ನು ನೋಡಿ ಬಂದು ವಿಷಯ ಕೇಳಿದರು. ಅವರ ಯಜಮಾನರಿಗೂ ಸಕ್ಕರೆ ಕಾಯಿಲೆ ಇತ್ತಂತೆ, ಎರಡು ಬೆರಳು ತೆಗೆಯಬೇಕಾಯಿತಂತೆ, ಆಮೇಲೆ ಹದಿನೈದು ವರ್ಷ ಚೆನ್ನಾಗಿ ಬಾಳಿದರಂತೆ. ಒಳಗೆ ಹೋಗಿ ಡಬ್ಬಿಯಿಂದ ಒಂದು ಸಣ್ಣ ಕಡ್ಡಿ ತಂದರು. ಅದರ ತುದಿಗೆ ಒಂದೇ ಒಂದು ನೈಲಾನ್ ಎಳೆ, ಮೀನಿನ ಗಾಳದ ದಾರದ ಹಾಗೆ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ‘ಕಣ್ಣು ಮುಚ್ಚು, ತಿಳಿದಾಗೆಲ್ಲ ಹೂಂ ಅನ್ನು’ ಅಂದರು. ನನ್ನ ಹೆಬ್ಬೆರಳಿನ ಅಡಿಗೆ, ಪಾದದ ಉಬ್ಬಿಗೆ, ಕಿರುಬೆರಳಿನ ಬುಡಕ್ಕೆ ಆ ಎಳೆ ಮುಟ್ಟಿಸಿ, ಅದು ಬಾಗುವಷ್ಟು ಮಾತ್ರ ಒತ್ತಿದರು. 10 ಗ್ರಾಂ ಭಾರ ಬಿದ್ದಾಗ ಬಾಗುವ ಹಾಗೆ ಅಳತೆ ಮಾಡಿ ತಯಾರಿಸಿದ ಎಳೆಯಂತೆ ಅದು. ಇರುವೆ ಹರಿದಷ್ಟು ತಿಳಿಯುತ್ತದೆ. ನಾನು ಹೂಂ, ಹೂಂ ಅನ್ನುತ್ತಾ ಹೋದೆ. ಅಷ್ಟರಲ್ಲಿ ಅಪ್ಪ ಹೀಗೆ ಕಣ್ಣು ಮುಚ್ಚಿ ಕೂತರೆ ಎಷ್ಟು ಸಲ ಹೂಂ ಅಂದಾನು ಅನ್ನುವ ಯೋಚನೆ ಬಂತು, ಮುಂದೆ ಅನ್ನಲಾಗಲಿಲ್ಲ.

ಡಾಕ್ಟರ ಹತ್ತಿರ ಈ ಎಳೆ ಇರುತ್ತದೆ. ಸೋಮವಾರ ಅಣ್ಣ ಬಾಗಲಕೋಟೆಗೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಿದ್ದಾನೆ. ಈ ಪರೀಕ್ಷೆಯನ್ನು ಮಾಡಿ ಅಂತ ಬಾಯಿಬಿಟ್ಟು ಕೇಳಲಿ. ಆಯುಷ್ಮಾನ್ ಕಾರ್ಡು, ಹಳೆಯ ರಕ್ತಪರೀಕ್ಷೆಯ ಚೀಟಿಗಳು ದೇವರ ಮನೆಯ ಟ್ರಂಕಿನಲ್ಲಿ ಇವೆ, ವೈನಿಗೆ ಗೊತ್ತು. ಮೊದಲು ಹೋದ ದವಾಖಾನೆಗೆ ಬೇಡ. ಆಗ ಅಪ್ಪನ ಕಾಲು ನೋಡದೆಯೇ ಗುಳಿಗೆ ಬರೆದು ಕಳಿಸಿದ್ದು ನನಗೆ ಇನ್ನೂ ನೆನಪಿದೆ. ಚಪ್ಪಲಿ ಕಳಚಿಸಿ, ಬೆರಳ ಸಂದಿಯಲ್ಲೂ ನೋಡುವವರು ಬೇಕು.

ಅಲ್ಲಿಯವರೆಗೆ, ಅವ್ವಾ, ಇಷ್ಟು ಮಾಡು. ಅರಿಷಿಣ ನಿಲ್ಲಿಸು. ಸುಣ್ಣ, ತಂಬಾಕಿನ ಪುಡಿ, ಗೌರಕ್ಕ ಹೇಳುವ ಸೊಪ್ಪಿನ ರಸ ಯಾವುದೂ ಬೇಡ. ಆಕೆಗೆ ಬೇಜಾರಾದರೆ ನನ್ನ ಹೆಸರು ಹೇಳು. ಶುದ್ಧ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಔಷಧಿ ಅಂಗಡಿಯಲ್ಲಿ ಸಿಗುವ, ಗಾಯಕ್ಕೆ ಕಟ್ಟುವ ಬಿಳಿ ಜಾಳು ಬಟ್ಟೆ (ಗಾಜ್) ಕಟ್ಟು. ಮಗ್ಗದ ಚಿಂದಿ ಕಟ್ಟಬೇಡ. ಬಿಸಿ ನೀರಿನಲ್ಲಿ ಕಾಲು ಇಳಿಬಿಡಿಸಬೇಡ, ಅವನಿಗೆ ಸುಟ್ಟರೂ ತಿಳಿಯುವುದಿಲ್ಲ. ಮನೆಯೊಳಗೂ ಬರಿಗಾಲಲ್ಲಿ ಓಡಾಡುವುದು ಬೇಡ. ದೇವರ ಮನೆಗೆ ಮಾತ್ರ ಬಿಟ್ಟುಕೊಡೋಣ, ಇಲ್ಲದಿದ್ದರೆ ಒಪ್ಪುವುದಿಲ್ಲ. ಗಾಯ ಕಪ್ಪಾದರೆ, ವಾಸನೆ ಬಂದರೆ, ಕೆಂಪು ಮೇಲಕ್ಕೆ ಏರಿದರೆ, ಜ್ವರ ಬಂದರೆ ಸೋಮವಾರದ ದಾರಿ ನೋಡದೆ ಅದೇ ಗಳಿಗೆಗೆ ಗಾಡಿ ಮಾಡಿಕೊಂಡು ಹೋಗಿ.

ಮತ್ತೆ, ಮಗ್ಗ. ಇದೇ ದೊಡ್ಡದು. ಅಪ್ಪ ಮಗ್ಗಕ್ಕೆ ಇಳಿಯುವುದು ನಿಲ್ಲಬೇಕು.

ನಮ್ಮ ಕುಣಿ ಮಗ್ಗ ನೆಲದೊಳಗೆ ಯಾಕೆ ಇದೆ ಅಂತ ನಾನು ಸಣ್ಣವಳಿದ್ದಾಗ ಕೇಳಿದ್ದಕ್ಕೆ ಅಪ್ಪ ಹೇಳಿದ್ದ: ‘ಭೂಮಿತಾಯಿ ತಂಪು ಕೊಟ್ರ ನೂಲು ಹರಿಯಂಗಿಲ್ಲವ್ವ.’ ಆ ಮಾತಿನ ಬೆಲೆ ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಈ ಮರುಭೂಮಿಯ ಗಾಳಿ ಎಷ್ಟು ಒಣ ಅಂದರೆ, ಒಗೆದು ಹಾಕಿದ ಬಟ್ಟೆ ನಾನು ಇನ್ನೊಂದು ತುದಿ ಹರವುವಷ್ಟರಲ್ಲಿ ಈ ತುದಿ ಗರಿಗರಿ ಆಗಿರುತ್ತದೆ. ಇಳಕಲ್ಲಿನಿಂದ ತಂದ ಹತ್ತಿಯ ನೂಲು ಮೊದಲ ವಾರದಲ್ಲೇ ಕಡ್ಡಿಯ ಹಾಗೆ ಪಟಪಟ ಹರಿಯತೊಡಗಿತು. ಒಂದು ಹೊತ್ತಿಗೆ ಇಪ್ಪತ್ತು ಎಳೆ ಗಂಟು ಹಾಕಿದ್ದೇನೆ. ಈಗ ಹಾಸಿನ ಕೆಳಗೆ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಗಳ ಕೆಳಗೆ, ಅಗಲವಾದ ತಟ್ಟೆಯಲ್ಲಿ ನೀರಿಟ್ಟು, ಒದ್ದೆ ಗೋಣಿ ಇಳಿಬಿಟ್ಟು, ನಮ್ಮ ಕುಣಿಯ ತಂಪನ್ನು ಇಲ್ಲಿ ಮಾಡಿಕೊಂಡಿದ್ದೇನೆ. ಹತ್ತಿ ಮಾತು ಕೇಳುತ್ತದೆ. ಆದರೆ ಅದೇ ತಂಪು ಅಪ್ಪನ ಗಾಯಕ್ಕೆ ಹಗಲೆಲ್ಲ ತಗಲುತ್ತಿದೆ ಅಂತ ಹೊಳೆದಾಗ ಗೋಣಿ ಹಿಂಡುತ್ತಿದ್ದ ಕೈ ಅಲ್ಲೇ ನಿಂತಿತು. ದಿನಕ್ಕೆ ಎಂಟು ತಾಸು ಹಸಿ ನೆಲದಲ್ಲಿ, ಧೂಳಿನಲ್ಲಿ, ಹೆಬ್ಬೆರಳಿಗೇ ಭಾರ ಹಾಕಿ ತುಳಿಯುತ್ತಿದ್ದರೆ ಯಾವ ಔಷಧಿ ತಾನೇ ಹತ್ತೀತು?

ಮುಂಗಡ ತೆಗೆದುಕೊಂಡಿದ್ದಾನೆ, ಲಗ್ನಸರಾಯಿ ಶುರುವಾಗುವುದರೊಳಗೆ ಸೀರೆ ಕೊಡಬೇಕು, ಅದಕ್ಕೇ ಇಳಿಯುತ್ತಾನೆ ಅಂತ ಅಣ್ಣ ಹೇಳಿದ. ಆ ದುಡ್ಡಿನ ಚಿಂತೆ ಬಿಡಿ. ಹೋದ ವಾರ ಇಲ್ಲಿಯ ಉಣ್ಣೆ ಜಾತ್ರೆಯಲ್ಲಿ ಗೋಡೆಗೆ ತೂಗುಹಾಕಲು ನಾನು ನೇಯ್ದ ಒಂದು ಬಟ್ಟೆ ಮಾರಾಟವಾಯಿತು. ಅದರಲ್ಲಿ 600 ಡಾಲರ್ ನಿನ್ನೆ ಅಣ್ಣನ ಖಾತೆಗೆ ಹಾಕಿದ್ದೇನೆ. ನನಗೆ ಬೇಕಾದಷ್ಟು ಉಳಿದಿದೆ, ಸುಳ್ಳಲ್ಲ. ವಸತಿಯೂ ಮಗ್ಗವೂ ನನಗೆ ಇಲ್ಲಿ ನೇಯಲು ಜಾಗ ಕೊಟ್ಟವರದು, ನನಗೆ ಖರ್ಚು ಅಂದರೆ ಊಟ ಮತ್ತು ಬಣ್ಣ. ಮುಂಗಡ ತೀರಿಸಿ, ಉಳಿದದ್ದು ದವಾಖಾನೆಗೆ. ಸಾಹುಕಾರರಿಗೆ ಅಣ್ಣನೇ ಹೋಗಿ ಹೇಳಲಿ, ಅಪ್ಪನನ್ನು ಕಳಿಸಬೇಡಿ. ಅವನು ಹೋದರೆ ನಾಚಿಕೊಂಡು ಇನ್ನೂ ಎರಡು ಸೀರೆಗೆ ಒಪ್ಪಿಕೊಂಡು ಬರುತ್ತಾನೆ.

ನನ್ನ ಬಗ್ಗೆ ಕೇಳಿದ್ದೆ. ಮರಳುಗಾಡಿನಲ್ಲಿ ಒಬ್ಬಳೇ ಹ್ಯಾಂಗ ಇರ್ತಿ, ಏನು ತಿಂತಿ ಅಂತ. ಅವ್ವಾ, ಇದು ನೀನು ಅಂದುಕೊಂಡ ಹಾಗೆ ಒಂಟೆ, ಮರಳ ದಿಬ್ಬ ಇರುವ ಜಾಗವಲ್ಲ. ಎತ್ತರದ ಮರುಭೂಮಿ, ಸಮುದ್ರಮಟ್ಟದಿಂದ ಸುಮಾರು 7,000 ಅಡಿ. ಊರಾಚೆ ಕಣ್ಣು ಹಾಯುವಷ್ಟು ದೂರ ಬೂದುಬಣ್ಣದ ಕುರುಚಲು ಗಿಡ, ಸೇಜ್‌ಬ್ರಷ್ ಅನ್ನುತ್ತಾರೆ. ಮೊದಲ ದಿನ ಅದರ ಒಂದು ಎಲೆ ತಿಕ್ಕಿ ಮೂಸಿದವಳು ಅಲ್ಲೇ ಕುಕ್ಕರಿಸಿಬಿಟ್ಟೆ. ದವನದ ಹತ್ತಿರದ ವಾಸನೆ! ವಿಚಾರಿಸಿದರೆ ನಮ್ಮ ದವನವೂ ಇದೂ ಒಂದೇ ಕುಲದ ಗಿಡಗಳಂತೆ. ದವನದ ಹುಣ್ಣಿಮೆಗೆ ನೀನು ಮುಡಿಯುವ ಗಿಡದ ಬಳಗ ಇಲ್ಲಿ ಕೋಟ್ಯಂತರ ನಿಂತಿದೆ, ಮುಡಿಯುವವರೇ ಇಲ್ಲ. ಹಿಂದೆ ಬೆಟ್ಟ. ಅದರ ತಲೆಗೆ ಈ ವಾರ ಹಿಮ ಬಿದ್ದಿದೆ. ಬೆಳಿಗ್ಗೆ ನೀರು ಹೆಪ್ಪುಗಟ್ಟುವ ಚಳಿ, ಮಧ್ಯಾಹ್ನ ನಮ್ಮ ಪೌಷದ ಬಿಸಿಲು. ಸ್ವೆಟರು, ಕಾಲುಚೀಲ, ಕಂಬಳಿ ಎಲ್ಲ ಇದೆ. ರಾತ್ರಿ ಎರಡು ಹೊದ್ದುಕೊಳ್ಳುತ್ತೇನೆ.

ಮನೆಗಳು ಮಣ್ಣಿನವು. ಮಣ್ಣಿಗೆ ಹುಲ್ಲು ಕಲಸಿ ಇಟ್ಟಿಗೆ ಮಾಡಿ ಬಿಸಿಲಿಗೆ ಒಣಗಿಸಿ ಕಟ್ಟುತ್ತಾರೆ, ಮೇಲೆ ತೊಲೆ ಹಾಕಿ ಮಟ್ಟಸದ ಮಾಳಿಗೆ. ನಮ್ಮ ಅಜ್ಜನ ಮನೆ ನೋಡಿದ ಹಾಗೇ. ಊರ ಪಕ್ಕದಲ್ಲೇ ಟೌಸ್ ಪ್ಯೂಬ್ಲೊ ಅಂತ ಇಲ್ಲಿಯ ಮೂಲನಿವಾಸಿಗಳ ಊರು. ಒಂದರ ಮೇಲೊಂದು ಏರಿಸಿದ ಮಣ್ಣಿನ ಮನೆಗಳು, ನೂರಾರು ವರ್ಷದಿಂದ ಜನ ಬಾಳಿದ್ದಾರೆ, ಈಗಲೂ ಇದ್ದಾರೆ. ಯುನೆಸ್ಕೊ 1992ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಸಿಮೆಂಟಿನ ಮನೆ ಆದರೆ ಮರ್ಯಾದೆ ಅಂತ ಮಾಳಿಗೆ ಮನೆ ಕೆಡವುತ್ತಿದ್ದೇವೆ. ಅಣ್ಣನಿಗೆ ಇದನ್ನು ಓದಿ ಹೇಳು, ಹಿಂದಿನ ಪಡಸಾಲೆ ಕೆಡವುವ ಮಾತು ಬಿಡಲಿ.

ಊಟ ಚೆನ್ನಾಗಿದೆ. ಜೋಳದ ಹಿಟ್ಟು ಸಣ್ಣ ಪೊಟ್ಟಣದಲ್ಲಿ ಸಿಗುತ್ತದೆ, ವಾರಕ್ಕೆ ಎರಡು ಸಲ ರೊಟ್ಟಿ ಬಡಿಯುತ್ತೇನೆ. ಇವರದೂ ರೊಟ್ಟಿಯೇ, ಆದರೆ ನೀಲಿ ಮೆಕ್ಕೆಜೋಳದ್ದು. ನಿಜವಾಗಿಯೂ ನೀಲಿ, ಮಳೆ ಮೋಡದ ಬಣ್ಣ. ಎತ್ತರ ಹೆಚ್ಚಾದ್ದರಿಂದ ನೀರು 93 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಬೇಳೆ ಬೇಯಲು ಕುಕ್ಕರ್ ಬೇಕೇ ಬೇಕು. ನೀನು ಹಟ ಹಿಡಿದು ಕಟ್ಟಿಕೊಟ್ಟಿದ್ದೆಯಲ್ಲ, ಆ ಕುಕ್ಕರೇ ನನ್ನ ಜೀವ ಉಳಿಸಿದ್ದು. ಮತ್ತೆ ಮೆಣಸಿನಕಾಯಿ! ಶರತ್ಕಾಲ ಬಂದರೆ ಇಲ್ಲಿ ಅಂಗಡಿಗಳ ಮುಂದೆ ದೊಡ್ಡ ಜಾಲರಿಯ ಪೀಪಾಯಿ ಇಟ್ಟು, ಹಸಿಮೆಣಸಿನಕಾಯಿ ತುಂಬಿ, ಕೆಳಗಿಂದ ಉರಿ ಬಿಟ್ಟು ಗರಗರ ತಿರುಗಿಸಿ ಸುಡುತ್ತಾರೆ. ಘಾಟು ಬೀದಿಯ ತುದಿಗೂ ಬರುತ್ತದೆ. ಕೆಂಪು ಕಾಯಿಯನ್ನು ಸರ ಪೋಣಿಸಿ ಬಾಗಿಲಿಗೆ ತೂಗುಹಾಕುತ್ತಾರೆ. ಹೋಟೆಲಿಗೆ ಹೋದರೆ ಮೊದಲ ಪ್ರಶ್ನೆ: ‘ಕೆಂಪೋ, ಹಸಿರೋ?’ ಈ ಪ್ರಶ್ನೆಯನ್ನು ಈ ರಾಜ್ಯದ ಅಧಿಕೃತ ಪ್ರಶ್ನೆ ಅಂತ ಶಾಸನಸಭೆಯಲ್ಲೇ ಘೋಷಿಸಿದ್ದಾರೆ! ಮೆಣಸಿನಕಾಯಿಗೆ ಇಷ್ಟು ಮರ್ಯಾದೆ ಕೊಡುವ ಜನ ಕೆಟ್ಟವರಾಗಿರಲು ಸಾಧ್ಯವಿಲ್ಲ, ನೀನು ನನ್ನ ಸುರಕ್ಷತೆಯ ಚಿಂತೆ ಬಿಡು. ಆದರೆ ಬಣ್ಣದಲ್ಲಿ ನಮ್ಮ ಬ್ಯಾಡಗಿಯೇ ಮೇಲು. ಅಜ್ಜಿಗೆ ನಮ್ಮ ಖಾರದಪುಡಿ ಕೊಟ್ಟೆ, ಬಣ್ಣ ನೋಡಿ ಹಾಗೇ ಬೆರಗಾದರು.

ಕೆಲಸದ ದಿನ ಹೀಗೆ. ಬೆಳಿಗ್ಗೆ ಆರಕ್ಕೆ ಎದ್ದು ಒಲೆಗೆ ಜುನಿಪರ್ ಕಟ್ಟಿಗೆ ಹಾಕಿ, ಚಹಾ ಕುಡಿದು, ಹೂ ಕೀಳಲು ಹೋಗುತ್ತೇನೆ. ಚಮೀಸಾ ಅಂತ ಒಂದು ಗಿಡ, ರಸ್ತೆಯ ಎರಡೂ ಕಡೆ ಹಳದಿ ಹೂವಿನ ರಾಶಿ. ಸೆಪ್ಟೆಂಬರಿನಲ್ಲಿ ಹೂ ಬಿಟ್ಟರೆ ಅಕ್ಟೋಬರ್ ನಡುವಿನ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಆದ್ದರಿಂದ ಈಗ ದಿನ ತಪ್ಪಿಸುವ ಹಾಗಿಲ್ಲ. ಹೂವನ್ನು ಬೇಯಿಸಿ ಸೋಸಿ, ಮೊದಲೇ ಪಟಿಕದ ನೀರಿನಲ್ಲಿ ಕಾಯಿಸಿಟ್ಟ ಉಣ್ಣೆಯನ್ನು ಅದರಲ್ಲಿ ಇಳಿಸಬೇಕು. ಅವಸರ ಮಾಡಿದರೆ ಉಣ್ಣೆ ಜಡೆಗಟ್ಟುತ್ತದೆ. ನಿಧಾನ ಬಿಸಿ ಮಾಡಿ, ನಿಧಾನ ಆರಲು ಬಿಟ್ಟು, ಮರುದಿನ ತೆಗೆದರೆ ಚೆಂಡುಹೂವಿನ ಹಳದಿ. ಹೂವಿನ ವಾಸನೆ ಕಟು, ಕೂದಲಿಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ. ಕೆಂಪಿಗೆ ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಹುಳ, ಕೊಚಿನೀಲ್. ಕಳ್ಳಿಯ ಎಲೆಯ ಮೇಲೆ ಬಿಳಿ ಹತ್ತಿಯ ಚೂರಿನ ಹಾಗೆ ಅಂಟಿರುತ್ತದೆ. ಬೆರಳಲ್ಲಿ ಒತ್ತಿದರೆ ಕುಂಕುಮ. ಇಂಗ್ಲಿಷರು ಈ ಬಣ್ಣದ ಆಸೆಗೆ 1795ರಲ್ಲಿ ನಮ್ಮ ದೇಶಕ್ಕೂ ಹುಳ ತಂದರು, ಆದರೆ ತಂದದ್ದು ಬೇರೆ ಜಾತಿ. ಒಳ್ಳೆಯ ಬಣ್ಣ ಬರಲಿಲ್ಲ, ಕಳ್ಳಿಯನ್ನು ಮಾತ್ರ ತಿಂದು ಹಾಕಿತು. ಅಪ್ಪನ ಇಳಕಲ್ಲ ಸೆರಗಿನ ಕೆಂಪು ಈ ಹುಳದಿಂದ ಬರುತ್ತದೆಯೇ ಅಂತ ಮೂರು ಸಲ ನೋಡಿದೆ. ನಿಂಬೆರಸ ಹೆಚ್ಚಾದರೆ ಕಿತ್ತಳೆಗೆ ತಿರುಗುತ್ತದೆ, ಕಬ್ಬಿಣದ ಪಾತ್ರೆಯಾದರೆ ನೇರಳೆಗೆ. ಇನ್ನೂ ಆ ಕೆಂಪು ಸಿಕ್ಕಿಲ್ಲ, ಬಿಡುವುದಿಲ್ಲ.

ಉಣ್ಣೆ ಜಾತ್ರೆಯಲ್ಲಿ ಕಂಡದ್ದೊಂದನ್ನು ಕಾಕಾಗೆ ತಪ್ಪದೆ ಹೇಳಿ, ಟಗರು ಅಂದರೆ ಊಟ ಬಿಡುವವನು. ಚುರ್ರೊ ಅನ್ನುವ ಕುರಿ, ಅದರಲ್ಲಿ ಕೆಲವು ಟಗರಿಗೆ ನಾಲ್ಕು ಕೊಂಬು! ಎರಡು ನೆಟ್ಟಗೆ ಮೇಲಕ್ಕೆ, ಎರಡು ಕೆನ್ನೆಯ ಹತ್ತಿರ ಸುರುಳಿ. ಸ್ಪೇನಿನವರು 1598ರಲ್ಲಿ ಈ ಸೀಮೆಗೆ ಇದರ ಹಿಂಡು ತಂದರು. ಇಲ್ಲಿಯ ನವಾಹೊ ಜನ ಇದರ ಉಣ್ಣೆಯಲ್ಲೇ ತಮ್ಮ ನೇಯ್ಗೆ ಬೆಳೆಸಿಕೊಂಡರು. 1930ರ ದಶಕದಲ್ಲಿ ಮೇವು ಹಾಳಾಗುತ್ತದೆ ಅಂತ ಸರ್ಕಾರವೇ ಹಿಂಡುಗಟ್ಟಲೆ ಕೊಲ್ಲಿಸಿತು. 1970ರ ದಶಕಕ್ಕೆ ಉಳಿದದ್ದು ಕೆಲವೇ ನೂರು. ಈಗ ಹುಡುಕಿ ಹುಡುಕಿ ಮತ್ತೆ ಬೆಳೆಸುತ್ತಿದ್ದಾರೆ. ಉಣ್ಣೆ ಒರಟು, ಉದ್ದ, ಹೊಳಪು. ಮುಟ್ಟಿದರೆ ನಮ್ಮ ಕರಿ ಕಂಬಳಿಯ ನೆನಪು. ನಮ್ಮ ದಖ್ಖನಿ ಕುರಿಯನ್ನು ಕೊಲ್ಲಿಸಲು ಯಾವ ಆಜ್ಞೆಯೂ ಬೇಕಾಗಲಿಲ್ಲ, ಕೊಳ್ಳುವವರಿಲ್ಲದೆ ಉಣ್ಣೆ ಬೇಲಿಗೆ ಬೀಳುತ್ತಿದೆ. ಅದನ್ನು ನೆನೆದರೆ ಸಂಕಟವಾಗುತ್ತದೆ.

ಪುಟ್ಟಿ, ಈಗ ಪಡಸಾಲೆಗೆ ಬಂದು, ಇಲ್ಲಿಂದ ಅಜ್ಜನಿಗೆ ಕೇಳುವಂತೆ ಓದು.

ಅಪ್ಪಾ, ನಮಸ್ಕಾರ. ನಿನ್ನಿಂದ ಒಂದು ಕೆಲಸ ಆಗಬೇಕು, ಬೇರೆ ಯಾರಿಂದಲೂ ಆಗುವುದಲ್ಲ. ಚುರ್ರೊ ಉಣ್ಣೆಯ ಹಾಸಿಗೂ ನಮ್ಮ ಹತ್ತಿಯ ಹಾಸಿಗೂ ಕೊಂಡಿ ಹಾಕಿ ಕೂಡಿಸಿ, ಇಳಕಲ್ಲ ಸೀರೆಯ ಮೈಗೆ ನಮ್ಮ ತೋಪ ತೆನಿ ಸೆರಗನ್ನು ಕೂಡಿಸುವ ಹಾಗೆ ಒಂದೇ ಬಟ್ಟೆ ಮಾಡುತ್ತಿದ್ದೇನೆ. ಒಂದು ಕಡೆ ಈ ನೆಲ, ಒಂದು ಕಡೆ ನಮ್ಮ ನೆಲ. ನವೆಂಬರ್ ಕೊನೆಗೆ ಇಲ್ಲಿ ಪ್ರದರ್ಶನಕ್ಕೆ ಇಡಬೇಕು. ಆದರೆ ಉಣ್ಣೆಯ ಎಳೆ ದಪ್ಪ, ನಮ್ಮದು ಸಣ್ಣ. ಬಿಗಿ ಎಳೆದರೆ ಹತ್ತಿ ಹರಿಯುತ್ತದೆ, ಸಡಿಲ ಬಿಟ್ಟರೆ ಕೊಂಡಿ ಜಾರುತ್ತದೆ. ನೀನು ನನಗೆ ಕಲಿಸಿದ್ದು ಎರಡೂ ಕಡೆ ಸಮ ಎಳೆ ಇರುವ ಕೊಂಡಿ. ಒಂದು ಕಡೆ ಹತ್ತು ಪಟ್ಟು ದಪ್ಪ ಇದ್ದರೆ ಹೇಗೆ? ಹತ್ತಿಯನ್ನು ಜೋಡಿಸಿ ನಾಲ್ಕೆಳೆ ಮಾಡಿಕೊಳ್ಳಲೇ, ಉಣ್ಣೆಯ ತುದಿ ಬಿಡಿಸಿ ಸಣ್ಣ ಮಾಡಿಕೊಳ್ಳಲೇ? ನೂಲಿಗೆ ಅಂಟು ಹಚ್ಚುವುದು ಮೊದಲೋ, ಕೊಂಡಿ ಹಾಕುವುದು ಮೊದಲೋ?

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ನನಗೆ ತಿಳಿಯುವುದಿಲ್ಲ, ಕೈಯಲ್ಲಿ ಮಾಡಿ ತೋರಿಸಬೇಕು. ಕಾಕಾನ ಹತ್ತಿರ ಕಂಬಳಿಯ ನೂಲು ಇರುತ್ತದೆ, ತರಿಸಿಕೋ. ಒಂದು ಗೇಣು ಅಗಲ ಸಾಕು. ಮಂಚದ ಮೇಲೆ ಕೂತು, ಕಾಲು ದಿಂಬಿನ ಮೇಲೆ ಚಾಚಿ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಮಾಡು. ಮಗ್ಗಕ್ಕೆ ಇಳಿದು ಮಾಡಿದ್ದು ನನಗೆ ಬೇಡ, ಪುಟ್ಟಿ ವಿಡಿಯೊ ತೆಗೆಯುತ್ತಾಳೆ, ನನಗೆ ನಿನ್ನ ಎರಡೂ ಕೈ, ಎರಡೂ ಪಾದ ಕಾಣಬೇಕು. ಇದು ಪುಕ್ಕಟೆ ಕೆಲಸ ಅಲ್ಲ. ಪ್ರದರ್ಶನದ ಚೀಟಿಯ ಮೇಲೆ ನನ್ನ ಹೆಸರಿನ ಮೊದಲು ನಿನ್ನ ಹೆಸರು ಬರುತ್ತದೆ, ಬರೆದು ಕೊಟ್ಟಾಗಿದೆ. ಮಾಸ್ತರಿಲ್ಲದೆ ನಾನು ಆ ಬಟ್ಟೆ ಮುಗಿಸಲಾರೆ.

ಸೋಮವಾರ ಅಣ್ಣನ ಜೊತೆ ಹೋಗಿ ಬಾ, ಅಪ್ಪಾ. ನನ್ನಾಣೆ. ಡಾಕ್ಟರ್ ಒಂದು ನೈಲಾನ್ ಎಳೆ ಮುಟ್ಟಿಸಿ ತಿಳಿಯುತ್ತದೋ ಅಂತ ಕೇಳುತ್ತಾರೆ. ಧೈರ್ಯಕ್ಕೆ ಅಂತ ಹೂಂ ಅನ್ನಬೇಡ. ತಿಳಿದರೆ ತಿಳಿಯಿತು, ತಿಳಿಯದಿದ್ದರೆ ಇಲ್ಲ ಅನ್ನು. ನೂಲಿನ ವಿಷಯದಲ್ಲಿ ನೀನು ಯಾವತ್ತೂ ಸುಳ್ಳು ಹೇಳಿದವನಲ್ಲ.

ಇಷ್ಟೇ ಓದು ಪುಟ್ಟಿ, ಉಳಿದದ್ದು ಮತ್ತೆ ಆಯಿಗೆ.

ಅವ್ವಾ, ನಾನು ಬರಬೇಕು ಅನ್ನಿಸಿದರೆ ಒಂದೇ ಮಾತು ಹೇಳು, ಟಿಕೆಟ್ ಹಿಂದುಮುಂದು ಮಾಡಿಸಿ ಬಂದುಬಿಡುತ್ತೇನೆ. ಪ್ರದರ್ಶನ ಬರುತ್ತದೆ, ಹೋಗುತ್ತದೆ. ಆದರೆ ಅಷ್ಟಕ್ಕೆಲ್ಲ ಹೋಗುವುದಿಲ್ಲ, ನನಗೆ ಗೊತ್ತು. ಸಣ್ಣ ಗಾಯ, ಸರಿಯಾದ ಕೈಗೆ ಬಿದ್ದರೆ ದೀಪಾವಳಿಯ ಹೊತ್ತಿಗೆ ಒಣಗುತ್ತಾ ಬರುತ್ತದೆ. ನೀನು ಅಳುತ್ತಾ ಕೂರಬೇಡ, ಉಪವಾಸ ಹಿಡಿಯಬೇಡ. ನಿನ್ನ ಬಿ.ಪಿ. ಗುಳಿಗೆಯನ್ನೂ ಅಣ್ಣನ ಕೈಲಿ ಅದೇ ದಿನ ತರಿಸಿಕೋ. ನಾನು ಆರಾಮ ಇದ್ದೇನೆ, ನಿಜಕ್ಕೂ ಆರಾಮ. ಕೈ ಸ್ವಲ್ಪ ಒಡೆದಿದೆ, ಕೊಬ್ಬರಿ ಎಣ್ಣೆ ಹಚ್ಚುತ್ತೇನೆ, ಅಷ್ಟೇ.

ಪತ್ರ ಮುಟ್ಟಲು ವಾರಗಟ್ಟಲೆ ಆಗುತ್ತದೆ, ಅದಕ್ಕೆ ಎಲ್ಲ ಪುಟದ ಫೋಟೊ ತೆಗೆದು ಈಗಲೇ ಅಣ್ಣನ ಮೊಬೈಲಿಗೆ ಕಳಿಸುತ್ತೇನೆ. ಕಾಗದ ನಿನ್ನ ಕೈಗೆ ಆಮೇಲೆ ಬರಲಿ. ಲಕೋಟೆಯಲ್ಲಿ ಒಂದು ಹಳದಿ ಉಣ್ಣೆಯ ಎಳೆ ಇಟ್ಟಿದ್ದೇನೆ, ಮೊನ್ನೆಯ ಚಮೀಸಾದ್ದು. ಈ ಸಲ ನಿಮ್ಮ ಕೈಗೆ ಬನ್ನಿ ಕೊಡಲಾಗಲಿಲ್ಲ, ಇದನ್ನೇ ಬಂಗಾರ ಅಂತ ತೆಗೆದುಕೊಳ್ಳಿ. ಅಪ್ಪನ ಮಂಚದ ಕಾಲಿಗೆ ಕಟ್ಟು.

ಅಂಚೆ ಕಚೇರಿ ಶನಿವಾರ ಬೇಗ ಮುಚ್ಚುತ್ತದೆ, ಒಲೆಯ ಮೇಲೆ ಬಣ್ಣದ ಪಾತ್ರೆ ಬೇರೆ ಇದೆ. ದಿನಾ ಬೆಳಿಗ್ಗೆ ನಿಮಗೆ ಆರೂವರೆ ಆದಾಗ ನನಗಿಲ್ಲಿ ಹಿಂದಿನ ದಿನದ ಸಂಜೆ ಏಳು, ಆಗ ಫೋನ್ ಮಾಡುತ್ತೇನೆ. ಅಪ್ಪನ ಕೈಗೇ ಕೊಡು. ಪುಟ್ಟಿ, ರಾತ್ರಿ ಮಲಗುವ ಮುಂಚೆ ಅಜ್ಜನ ಪಾದದ ಫೋಟೊ ಕಳಿಸು. ಮೇಲಿಂದ ತೆಗೆದದ್ದು ಬೇಡ, ಅಡಿ ಕಾಣಬೇಕು.

ನಿನ್ನ ಮಗಳು